ಬೂಷ್ಟು ಹಿಡಿದ ‘ಬ್ರಾಂಕ್ಸ್’: ಒಂದು ವಿಎಚ್‌ಎಸ್ ಕ್ಯಾಸೆಟ್ಟಿನ ದುರಸ್ತಿ

ಜಾಕಿ ಚಾನ್ ಅಭಿನಯದ ‘ರಂಬಲ್ ಇನ್ ದಿ ಬ್ರಾಂಕ್ಸ್’ ಚಿತ್ರದ ಬಾಡಿಗೆ ಕ್ಯಾಸೆಟ್ಟೊಂದನ್ನು ಶುಚಿಗೊಳಿಸಿ, ಹೊಸ ಕವಚಕ್ಕೆ ಹಾಕಿ, ಕೊನೆಗೆ ಕಂಪ್ಯೂಟರಿಗೆ ಇಳಿಸಿಕೊಂಡ ಕೆಲಸದ ದಾಖಲೆ ಇದು. ಕ್ಯಾಸೆಟ್ಟು ಮಲೆನಾಡಿನ ಒಂದು ಪೇಟೆಯಲ್ಲಿ ಬಹಳ ಹಿಂದೆಯೇ ಬಾಗಿಲು ಹಾಕಿದ ವಿಡಿಯೋ ಲೈಬ್ರರಿಯ ದಾಸ್ತಾನಿನದು. ಮಳೆಗಾಲ ಕಳೆದಂತೆಲ್ಲ ತೇವ ಕುಡಿಯುತ್ತ ಅಟ್ಟದ ಮೇಲೆ ಕುಳಿತಿದ್ದ ಆ ಕ್ಯಾಸೆಟ್ಟಿನ ಪಾರದರ್ಶಕ ಕಿಂಡಿಯೊಳಗೆ ನೋಡಿದರೆ ಟೇಪಿನ ಸುತ್ತುಗಳ ಅಂಚಿನ ಮೇಲೆ ಬಿಳಿಯ ಎಳೆಗಳು ಹಬ್ಬಿಕೊಂಡಿರುವುದು ಕಾಣುತ್ತಿತ್ತು. ಮುಂದಿನ ಮುಚ್ಚಳದ ಸ್ಪ್ರಿಂಗ್ ತುಕ್ಕು ಹಿಡಿದಿತ್ತು, ಕವಚದ ಒಂದು ಮೂಲೆ ಒಡೆದಿತ್ತು, ನಡುವೆ ಎಲ್ಲೋ ಒಂದು ಕಡೆ ಕ್ಯಾಸೆಟ್ ಓಡಿಸುವ ಯಾವುದೋ ಯಂತ್ರ (ವಿಸಿಆರ್) ಟೇಪನ್ನು ಜಗಿದು ಬಿಟ್ಟಿದ್ದ ಗುರುತೂ ಇತ್ತು.

ಈ ಚಿತ್ರ ಡಿಸ್ಕಿನಲ್ಲಿ, ಇದಕ್ಕಿಂತ ಎಷ್ಟೋ ಉತ್ತಮ ಗುಣಮಟ್ಟದಲ್ಲಿ, ಸಿಗುತ್ತದೆ. ಆದ್ದರಿಂದ ಚಿತ್ರವನ್ನು ಉಳಿಸುವ ದೊಡ್ಡ ಮಾತನ್ನು ನಾನು ಆಡುವುದಿಲ್ಲ. ನನಗೆ ಬೇಕಾಗಿದ್ದುದು ಊರಿನ ಜನ ಬಾಡಿಗೆಗೆ ಒಯ್ದು ನೋಡಿದ ಈ ಪ್ರತಿ, ಅದು ಕಾಣುತ್ತಿದ್ದ ಹಾಗೆಯೇ. ಡಿಸ್ಕಿನ ಪ್ರತಿ ನನಗೆ ಬೇರೊಂದು ರೀತಿಯಲ್ಲಿ ಉಪಯೋಗಕ್ಕೆ ಬಂತು: ಟೇಪಿಗೆ ಕಾಲ ಮಾಡಿದ ಹಾನಿ ಯಾವುದು, ಚಿತ್ರ ಮಾಡಿದವರೇ ಬೇಕೆಂದು ಮಾಡಿದ್ದು ಯಾವುದು ಎಂದು ಬೇರ್ಪಡಿಸಲು ಪಕ್ಕದಲ್ಲಿಟ್ಟುಕೊಂಡು ನೋಡುವ ಮಾದರಿಯಾಗಿ. ಹೊಡೆದಾಟದ ಚಿತ್ರದಲ್ಲಿ ಈ ಎರಡನ್ನೂ ಬೇರ್ಪಡಿಸುವುದು ಸುಲಭವಲ್ಲ ಎಂಬುದು ಕೆಲಸ ಮುಂದುವರಿದಂತೆ ಸ್ಪಷ್ಟವಾಯಿತು. ಟೇಪು ತೊಳೆಯುವುದಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದೂ ಅದೇ.

ಚಿತ್ರದ ಬಗ್ಗೆ ಸ್ವಲ್ಪ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಸ್ಟ್ಯಾನ್ಲಿ ಟಾಂಗ್ ನಿರ್ದೇಶನದ ಈ ಚಿತ್ರ ಹಾಂಗ್ ಕಾಂಗ್‌ನಲ್ಲಿ 1995ರ ಜನವರಿಯಲ್ಲಿ ತೆರೆ ಕಂಡಿತು. ಮುಂದಿನ ವರ್ಷದ ಫೆಬ್ರವರಿಯಲ್ಲಿ ನ್ಯೂ ಲೈನ್ ಸಂಸ್ಥೆ ಅದನ್ನು ಅಮೆರಿಕದಲ್ಲಿ ಬಿಡುಗಡೆ ಮಾಡುವಾಗ ಕೆಲವು ದೃಶ್ಯಗಳನ್ನು ಕತ್ತರಿಸಿ, ಮಾತುಗಳನ್ನೆಲ್ಲ ಇಂಗ್ಲಿಷಿಗೆ ತಂದು, ಜೆ. ಪೀಟರ್ ರಾಬಿನ್ಸನ್ ಅವರಿಂದ ಹೊಸ ಹಿನ್ನೆಲೆ ಸಂಗೀತ ಮಾಡಿಸಿತು. ನನ್ನ ಕೈಯಲ್ಲಿರುವುದು ಈ ಎರಡನೆಯ ಆವೃತ್ತಿ. ಹಾಂಗ್ ಕಾಂಗ್‌ನ ಪೊಲೀಸ್ ಕ್ಯೂಂಗ್ ತನ್ನ ಚಿಕ್ಕಪ್ಪನ ಮದುವೆಗೆಂದು ನ್ಯೂಯಾರ್ಕಿಗೆ ಬರುತ್ತಾನೆ, ಚಿಕ್ಕಪ್ಪ ಮಾರುವ ಸೂಪರ್‌ಮಾರ್ಕೆಟ್ಟಿನಲ್ಲಿ ಗಲಾಟೆ ಮಾಡುವ ಮೋಟಾರ್‌ಸೈಕಲ್ ಪುಂಡರನ್ನು ಎದುರು ಹಾಕಿಕೊಳ್ಳುತ್ತಾನೆ, ಆಮೇಲೆ ಗಾಲಿಕುರ್ಚಿಯ ದಿಂಬಿನಲ್ಲಿ ಅಡಗಿದ ವಜ್ರಗಳಿಗಾಗಿ ಬರುವ ಇನ್ನೂ ದೊಡ್ಡ ದುಷ್ಟರನ್ನು ಎದುರಿಸುತ್ತಾನೆ. ಚಿಕ್ಕಪ್ಪನಾಗಿ ಬಿಲ್ ಟಂಗ್, ಅಂಗಡಿ ಕೊಳ್ಳುವ ಇಲೇನ್ ಆಗಿ ಅನಿತಾ ಮೂಯಿ, ಪುಂಡರ ಗುಂಪಿನ ನ್ಯಾನ್ಸಿಯಾಗಿ ಫ್ರಾನ್ಸ್ವಾಸ್ ಯಿಪ್ ಇದ್ದಾರೆ. ಕಥೆ ನ್ಯೂಯಾರ್ಕಿನ ಬ್ರಾಂಕ್ಸ್‌ನದು; ಚಿತ್ರೀಕರಣ ಬಹುಪಾಲು ನಡೆದದ್ದು ಕೆನಡಾದ ವ್ಯಾಂಕೂವರ್‌ನಲ್ಲಿ.

ಬೂಷ್ಟು ಒರೆಸುವ ಹಲಗೆ

ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಹಾಗೆಯೇ ವಿಸಿಆರಿಗೆ ಹಾಕಬಾರದು. ಬೀಜಕಣಗಳು ಟೇಪನ್ನು ಓದುವ ಹೆಡ್ಡುಗಳಿಗೂ ಅದಕ್ಕೆ ದಾರಿ ತೋರುವ ಗೈಡುಗಳಿಗೂ ಅಂಟಿಕೊಂಡು, ಆಮೇಲೆ ಅದೇ ಯಂತ್ರಕ್ಕೆ ಹಾಕುವ ಒಳ್ಳೆಯ ಕ್ಯಾಸೆಟ್ಟುಗಳಿಗೂ ಹರಡುತ್ತವೆ. ಮೊದಲು ಕ್ಯಾಸೆಟ್ಟನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಾಳಿಯಾಡದ ಡಬ್ಬಿಯಲ್ಲಿಟ್ಟು ಒಣಗಿಸಿದೆ. ಹಸಿ ಬೂಷ್ಟನ್ನು ಒರೆಸಿದರೆ ಅದು ಟೇಪಿನ ಮೈಗೆ ಸವರಿಕೊಳ್ಳುತ್ತದೆ, ಒಣಗಿದ ಬೂಷ್ಟು ಪುಡಿಯಾಗಿ ಉದುರುತ್ತದೆ. ಬಿಚ್ಚುವ ಕೆಲಸವನ್ನು ಮುಖಗವಸು ಹಾಕಿಕೊಂಡು, ಮನೆಯ ಹೊರಗೆ, ಬೇರೆ ಕ್ಯಾಸೆಟ್ಟುಗಳಿಂದ ದೂರದಲ್ಲಿ ಮಾಡಿದೆ.

ವಿಎಚ್‌ಎಸ್ ಕವಚದ ಕೆಳಮುಖದಲ್ಲಿ ಐದು ತಿರುಪುಗಳಿರುತ್ತವೆ. ಅವನ್ನು ತೆಗೆದು ಮೇಲಿನ ಅರ್ಧವನ್ನು ನೇರವಾಗಿ ಮೇಲಕ್ಕೆತ್ತಬೇಕು. ಓರೆಯಾಗಿ ಎತ್ತಿದರೆ ರೀಲುಗಳನ್ನು ಹಿಡಿದಿಡುವ ಸಣ್ಣ ಬ್ರೇಕುಗಳ ಸ್ಪ್ರಿಂಗು ಹಾರಿಹೋಗುತ್ತದೆ. ಬಿಚ್ಚುವ ಮೊದಲು ಟೇಪು ಯಾವ ಉರುಳೆಯ ಹಿಂದೆ, ಯಾವ ಗೂಟದ ಮುಂದೆ ಹಾದುಹೋಗಿದೆ ಎಂದು ಫೋಟೋ ತೆಗೆದಿಟ್ಟುಕೊಳ್ಳುವುದು ಜಾಣತನ. ಒಡೆದ ಕವಚವನ್ನು ಬಿಟ್ಟು, ಅಗ್ಗದ ಖಾಲಿ ಕ್ಯಾಸೆಟ್ಟೊಂದರ ಕವಚವನ್ನು ಬಳಸಿಕೊಂಡೆ. ಹಳೆಯ ಕವಚದ ಲೇಬಲ್ಲನ್ನು ಮಾತ್ರ ಜೋಪಾನವಾಗಿ ತೆಗೆದಿಟ್ಟೆ.

ಒರೆಸುವುದಕ್ಕಾಗಿ ಒಂದು ಪ್ಲೈವುಡ್ ಹಲಗೆಯ ಮೇಲೆ ಸರಳವಾದ ಯಂತ್ರವನ್ನು ಜೋಡಿಸಿದೆ. ಕೆಟ್ಟುಹೋದ ವಿಸಿಆರ್ ಒಂದರಿಂದ ಎರಡು ರೀಲು ತಿರುಗಿಸುವ ಚಕ್ರಗಳನ್ನೂ ನಾಲ್ಕು ಗೈಡು ಗೂಟಗಳನ್ನೂ ಕಳಚಿ ತಂದು ಹಲಗೆಗೆ ಕೂರಿಸಿದೆ. ಟೇಪನ್ನು ಎಳೆದುಕೊಳ್ಳುವ ಕಡೆಯ ಚಕ್ರಕ್ಕೆ ನಿಮಿಷಕ್ಕೆ 60 ಸುತ್ತು ತಿರುಗುವ 12 ವೋಲ್ಟಿನ ಗೇರ್ ಮೋಟರ್, ಅದರ ವೇಗವನ್ನು ಇನ್ನೂ ಇಳಿಸಲು ಒಂದು ಸಣ್ಣ ನಿಯಂತ್ರಕ. ಟೇಪು ಬಿಡುವ ಕಡೆಯ ಚಕ್ರದ ಕೆಳಗೆ ಉಣ್ಣೆಯ ಫೆಲ್ಟ್ ಬಿಲ್ಲೆ ಹಾಕಿದ್ದರಿಂದ ಹದವಾದ ತಡೆ ಸಿಕ್ಕಿತು. ಈ ತಡೆ ಇಲ್ಲದಿದ್ದರೆ ಮೋಟರ್ ನಿಂತಾಗಲೂ ರೀಲು ತಿರುಗುತ್ತಲೇ ಹೋಗಿ ಟೇಪು ಕುಣಿಕೆಯಾಗಿ ಹೊರಗೆ ಬೀಳುತ್ತದೆ. ನಡುವೆ ಎರಡು ಕಡೆಯಿಂದಲೂ ಟೇಪನ್ನು ಮೆತ್ತಗೆ ಹಿಡಿಯುವಂತೆ ಮೈಕ್ರೋಫೈಬರ್ ಬಟ್ಟೆ ಸುತ್ತಿದ ಎರಡು ದಿಮ್ಮಿಗಳನ್ನಿಟ್ಟೆ.

ಪಾಲ್ ಪದ್ಧತಿಯ (ಭಾರತದ ಟೀವಿಗಳ ಪದ್ಧತಿ ಇದೇ ಆಗಿತ್ತು) ವಿಎಚ್‌ಎಸ್‌ನಲ್ಲಿ ಟೇಪು ಸೆಕೆಂಡಿಗೆ 23.39 ಮಿಲಿಮೀಟರ್ ಚಲಿಸುತ್ತದೆ. ಒಂದೂವರೆ ಗಂಟೆಯ ಚಿತ್ರವೆಂದರೆ ಸುಮಾರು 126 ಮೀಟರ್ ಟೇಪು. ಅದನ್ನು ನಿಧಾನವಾಗಿ ಬಟ್ಟೆಯ ನಡುವೆ ಹಾಯಿಸಿ, ಬಟ್ಟೆಯ ಕೊಳೆಯಾದ ಭಾಗವನ್ನು ಆಗಾಗ ಸರಿಸಿ, ಇನ್ನೊಂದು ದಿಕ್ಕಿನಲ್ಲಿ ಮತ್ತೆ ಹಾಯಿಸಿದೆ. ಹೆಚ್ಚಿನ ಕಡೆ ಒಣ ಒರೆಸುವಿಕೆಯೇ ಸಾಕಾಯಿತು. ಅಂಚಿಗೆ ಬಿಗಿಯಾಗಿ ಕಚ್ಚಿಕೊಂಡಿದ್ದ ಜಾಗಗಳಲ್ಲಿ ಮಾತ್ರ ಶೇ. 99ರ ಐಸೋಪ್ರೊಪೈಲ್ ಆಲ್ಕೋಹಾಲನ್ನು ಬಟ್ಟೆಗೆ ತೀರ ಸ್ವಲ್ಪ ಸೋಕಿಸಿ ಒರೆಸಿ, ಆರುವವರೆಗೆ ಸುತ್ತದೆ ಬಿಟ್ಟೆ. ಅಂಚಿನ ವಿಷಯದಲ್ಲಿ ಇಷ್ಟು ಕಾಳಜಿ ಯಾಕೆಂದರೆ, ಟೇಪಿನ ಒಂದು ಅಂಚಿನ ಉದ್ದಕ್ಕೂ ಸಾಧಾರಣ ಧ್ವನಿಯ ಪಟ್ಟಿಯೂ ಇನ್ನೊಂದು ಅಂಚಿನಲ್ಲಿ ವೇಗವನ್ನು ಹದದಲ್ಲಿಡುವ ಕಂಟ್ರೋಲ್ ಪಟ್ಟಿಯೂ ಇರುತ್ತವೆ. ಬೂಷ್ಟು ಮೊದಲು ತಿನ್ನುವುದೂ ಈ ಅಂಚುಗಳನ್ನೇ. ಕಂಟ್ರೋಲ್ ಪಟ್ಟಿ ಹೋದರೆ ಚಿತ್ರ ಚೆನ್ನಾಗಿಯೇ ಇದ್ದರೂ ಯಂತ್ರಕ್ಕೆ ಅದನ್ನು ಹಿಡಿದು ಓದಲು ಆಗುವುದಿಲ್ಲ.

ಕತ್ತರಿ ಹಾಕದಿರಲು ಕಾರಣ

ಜಗಿದ ಜಾಗ ಸಿಕ್ಕಿದ್ದು ಪುಂಡರ ಅಡ್ಡೆಯಲ್ಲಿ ನಡೆಯುವ ಹೊಡೆದಾಟದ ನಡುವೆ. ರೆಫ್ರಿಜರೇಟರುಗಳು, ಪಿನ್‌ಬಾಲ್ ಯಂತ್ರಗಳು, ಟೀವಿಗಳು, ಹಿಮಜಾರಾಟದ ಪಟ್ಟಿಗಳು, ಅಂಗಡಿಯ ತಳ್ಳುಗಾಡಿಗಳು ಎಲ್ಲವೂ ಆಯುಧಗಳಾಗುವ ಆ ದೃಶ್ಯವೇ ಈ ಚಿತ್ರದ ಹೊಡೆದಾಟಗಳಲ್ಲಿ ಶ್ರೇಷ್ಠವೆಂಬುದು ನನ್ನ ಅಭಿಪ್ರಾಯ; ಕೊನೆಯ ಹೋವರ್‌ಕ್ರಾಫ್ಟಿನ ಅಬ್ಬರ ಅದರ ಮುಂದೆ ಸಪ್ಪೆ. ಬಾಡಿಗೆ ತಂದವರಿಗೂ ಹಾಗೆಯೇ ಅನ್ನಿಸಿರಬೇಕು, ಯಾಕೆಂದರೆ ಈ ಭಾಗದ ಟೇಪು ಉಳಿದ ಕಡೆಗಿಂತ ಹೆಚ್ಚು ಸವೆದಿದೆ. ವಿಸಿಆರಿನಲ್ಲಿ ಪಾಜ್ ಗುಂಡಿ ಒತ್ತಿ ಚಿತ್ರವನ್ನು ತಡೆದಾಗ ಟೇಪು ನಿಂತರೂ ಹೆಡ್ಡಿನ ಡ್ರಮ್ಮು ತಿರುಗುತ್ತಲೇ ಇದ್ದು ಒಂದೇ ಜಾಗವನ್ನು ಉಜ್ಜುತ್ತದೆ. ಹಿಂದಕ್ಕೆ ತಿರುಗಿಸಿ ಮತ್ತೆ ಮತ್ತೆ ನೋಡಿದ ಒದೆತಗಳೇ ಅತಿ ಹೆಚ್ಚು ಮಸುಕಾಗಿರುತ್ತವೆ.

ಸುಕ್ಕಾದ ತುಂಡನ್ನು ಕತ್ತರಿಸಿ ತೆಗೆದು ಎರಡು ತುದಿಗಳನ್ನು ಅಂಟಿಸುವುದು ಕ್ಯಾಸೆಟ್ ಅಂಗಡಿಗಳ ಹಳೆಯ ಪದ್ಧತಿ. ಸಾಧಾರಣ ಆಡಿಯೋ ಟೇಪಿನಲ್ಲಿ ಅದರಿಂದ ಹೆಚ್ಚು ನಷ್ಟವಿಲ್ಲ. ವಿಎಚ್‌ಎಸ್‌ನಲ್ಲಿ ಚಿತ್ರವನ್ನು ಬರೆದಿರುವ ರೀತಿಯೇ ಬೇರೆ. 62 ಮಿಲಿಮೀಟರ್ ವ್ಯಾಸದ ಡ್ರಮ್ಮು ನಿಮಿಷಕ್ಕೆ 1500 ಸುತ್ತು ತಿರುಗುತ್ತ, ಅರ್ಧ ಇಂಚು ಅಗಲದ ಟೇಪಿನ ಮೇಲೆ ಸುಮಾರು ಆರು ಡಿಗ್ರಿ ಓರೆಯಾದ ಗೆರೆಗಳನ್ನು ಎಳೆಯುತ್ತದೆ. ಒಂದೊಂದು ಗೆರೆಯೂ ಒಂದೊಂದು ಫೀಲ್ಡ್, ಅಂದರೆ ಪರದೆಯ ಅಡ್ಡ ಗೆರೆಗಳಲ್ಲಿ ಒಂದು ಬಿಟ್ಟು ಒಂದನ್ನು ಹೊತ್ತ ಅರ್ಧ ಫ್ರೇಮ್. ಒಂದು ಗೆರೆಯ ಉದ್ದ ಹತ್ತಿರ ಹತ್ತಿರ 10 ಸೆಂಟಿಮೀಟರ್. ಒಂದು ಗೆರೆಗೂ ಮುಂದಿನದಕ್ಕೂ ನಡುವೆ ಟೇಪು ಸರಿಯುವುದು ಅರ್ಧ ಮಿಲಿಮೀಟರಿಗೂ ಕಡಿಮೆ. ಹೀಗಾಗಿ ಟೇಪನ್ನು ನೇರ ಅಡ್ಡಲಾಗಿ ಒಂದೇ ಒಂದು ಸಲ ಕತ್ತರಿಸಿದರೂ ಆ ಕತ್ತರಿ ಸುಮಾರು 200 ಗೆರೆಗಳನ್ನು ದಾಟುತ್ತದೆ. ಪರದೆಯ ಮೇಲೆ ನಾಲ್ಕು ಸೆಕೆಂಡುಗಳ ಕಾಲ ಗದ್ದಲದ, ಅಂದರೆ ಬರಿಯ ಚುಕ್ಕೆ ಗೀರುಗಳ, ಪಟ್ಟಿಯೊಂದು ಚಿತ್ರವನ್ನು ಸೀಳಿಕೊಂಡು ಸರಿಯುತ್ತದೆ. ಅದರ ಮೇಲೆ ಒಂದು ಸೆಂಟಿಮೀಟರ್ ಟೇಪು ತೆಗೆದುಹಾಕಿದರೆ 21 ಫೀಲ್ಡುಗಳು, ಸುಮಾರು 0.4 ಸೆಕೆಂಡು, ಪೂರ್ತಿ ಹೋಯಿತು. ಒಂದು ಒದೆತ ಶುರುವಾಗಿ ಮುಗಿಯಲು ಅಷ್ಟು ಹೊತ್ತು ಸಾಕು.

ಆದ್ದರಿಂದ ಕತ್ತರಿಸಲಿಲ್ಲ. ಸುಕ್ಕಾದ ಭಾಗವನ್ನು ಎರಡು ಶುದ್ಧವಾದ ನುಣುಪು ಹಾಳೆಗಳ ನಡುವೆ ಹರಡಿ, ಮೇಲೆ ದಪ್ಪ ಗಾಜು ಹಾಗೂ ತೂಕವನ್ನಿಟ್ಟು ಬಿಟ್ಟೆ. ಇಸ್ತ್ರಿಪೆಟ್ಟಿಗೆಯ ಬಿಸಿ ತೋರಿಸುವವರಿದ್ದಾರೆ. ಸುಮಾರು 20 ಮೈಕ್ರಾನ್ ದಪ್ಪದ ಪಾಲಿಯೆಸ್ಟರ್ ಟೇಪು ಬಿಸಿಗೆ ಸೊಟ್ಟಗಾದರೆ ಸರಿಪಡಿಸುವ ದಾರಿಯೇ ಇಲ್ಲ. ಒತ್ತಿದ ಮೇಲೆ ದೊಡ್ಡ ಸುಕ್ಕುಗಳು ಮಲಗಿದವು, ಸಣ್ಣವು ಉಳಿದವು. ಟೇಪು ನಿಜವಾಗಿ ತುಂಡಾಗಿದ್ದರೆ ಅಂಟಿಸುವುದು ಅನಿವಾರ್ಯವಾಗುತ್ತಿತ್ತು. ಆಗಲೂ ವಿಡಿಯೋ ಟೇಪಿಗೆಂದೇ ಮಾಡಿದ ಅಂಟುಪಟ್ಟಿಯನ್ನು ಹೆಡ್ಡು ತಾಗದ ಹಿಂಬದಿಗೆ ಹಾಕಬೇಕು. ಸ್ಟೇಷನರಿ ಅಂಗಡಿಯ ಸೆಲೋಟೇಪಿನ ಅಂಟು ದಿನ ಕಳೆದಂತೆ ಹೊರಗೆ ಜಿನುಗಿ, ಅಕ್ಕಪಕ್ಕದ ಸುತ್ತುಗಳಿಗೂ ಹೆಡ್ಡಿಗೂ ಮೆತ್ತಿಕೊಳ್ಳುತ್ತದೆ. ಕ್ಯಾಸೆಟ್ಟಿನ ಆರಂಭದಲ್ಲಿ, ಪಾರದರ್ಶಕ ಲೀಡರ್ ಕಳಚಿ ಬಂದಿದ್ದ ಕಡೆ, ಅಂತಹ ಸೆಲೋಟೇಪು ಇತ್ತು. ಅದನ್ನು ಕಿತ್ತು ಲೀಡರನ್ನು ರೀಲಿನ ಕ್ಲಿಪ್ಪಿಗೆ ಮತ್ತೆ ಸಿಕ್ಕಿಸಿದೆ. ಈ ಪಾರದರ್ಶಕ ತುಂಡಿನ ಮೂಲಕ ಬೆಳಕು ಹಾಯ್ದಾಗಲೇ ಯಂತ್ರಕ್ಕೆ ಟೇಪು ಮುಗಿಯಿತೆಂದು ತಿಳಿಯುವುದರಿಂದ ಅದನ್ನು ಕತ್ತರಿಸಿ ಬಿಸಾಡುವಂತಿಲ್ಲ.

ಯಂತ್ರ ಮತ್ತು ಇಳಿಸುವಿಕೆ

ಇಳಿಸಲು ಬಳಸಿದ್ದು ಬೆಳಕು, ಬಣ್ಣಗಳನ್ನು ಬೇರೆ ಬೇರೆಯಾಗಿ ಕೊಡುವ ಎಸ್-ವಿಡಿಯೋ ಹೊರಹರಿವು ಇರುವ ಒಂದು ಹಳೆಯ ಎಸ್-ವಿಎಚ್‌ಎಸ್ ಯಂತ್ರ. ಅದರ ಲೋಡಿಂಗ್ ಬೆಲ್ಟು ಸಡಿಲಾಗಿದ್ದುದರಿಂದ ಬದಲಾಯಿಸಿದೆ, ರಬ್ಬರಿನ ಪಿಂಚ್ ರೋಲರನ್ನು ಒರೆಸಿದೆ. ಹೆಡ್ಡು ಶುಚಿ ಮಾಡುವ ಬಗ್ಗೆ ಬೆಂಗಳೂರಿನ ಎಸ್.ಪಿ. ರಸ್ತೆಯ ಹಿರಿಯ ಮೆಕ್ಯಾನಿಕ್ ಒಬ್ಬರು ಹೇಳಿದ ಮಾತನ್ನು ಇಲ್ಲಿ ದಾಖಲಿಸುತ್ತೇನೆ: “ಬಟ್ಟೆ ಅಲ್ಲಾಡಿಸಬೇಡಿ ಸಾರ್, ಡ್ರಮ್ಮು ತಿರುಗಿಸಿ.” ಆಲ್ಕೋಹಾಲಿನಲ್ಲಿ ಅದ್ದಿದ ಶಾಮಿ ಚರ್ಮದ ತುಂಡನ್ನು ಒಂದೇ ಕಡೆ ಹಿಡಿದು, ಡ್ರಮ್ಮನ್ನು ಮೇಲಿನಿಂದ ಕೈಯಲ್ಲೇ ತಿರುಗಿಸಬೇಕು. ಚರ್ಮವನ್ನು ಮೇಲೆ ಕೆಳಗೆ ಉಜ್ಜಿದರೆ ಕೂದಲಿಗಿಂತ ನವಿರಾದ ಹೆಡ್ಡಿನ ತುದಿ ಮುರಿದುಹೋಗುತ್ತದೆ.

ಟೇಪಿನಿಂದ ಬರುವ ಸಂಕೇತದಲ್ಲಿ ಪರದೆಯ ಅಡ್ಡ ಗೆರೆಗಳು (ಟೇಪಿನ ಮೇಲಿನ ಓರೆ ಗೆರೆಗಳಲ್ಲ) ಸಮಯಕ್ಕೆ ಸರಿಯಾಗಿ ಶುರುವಾಗುವುದಿಲ್ಲವಾದ್ದರಿಂದ ನೇರವಾದ ಗೋಡೆ, ಕಂಬಗಳು ನೀರಿನಲ್ಲಿ ಕಂಡಂತೆ ಅಲುಗುತ್ತವೆ. ಅದನ್ನು ತಿದ್ದುವ ಟೈಮ್ ಬೇಸ್ ಕರೆಕ್ಟರ್ ಮೂಲಕ ಹಾಯಿಸಿ, 720×576 ಅಳತೆಯಲ್ಲಿ, ಸೆಕೆಂಡಿಗೆ 25 ಫ್ರೇಮಿನಂತೆ ದಾಖಲಿಸಿದೆ. ಈ ಅಳತೆಯ ವಿಡಿಯೋ ಏನೂ ಕುಗ್ಗಿಸದೆ ಸೆಕೆಂಡಿಗೆ ಸುಮಾರು 20 ಮೆಗಾಬೈಟ್ ಆಗುತ್ತದೆ. ನಷ್ಟವಿಲ್ಲದ ಎಫ್‌ಎಫ್‌ವಿ1 ಕುಗ್ಗಿಸುವಿಕೆಯಿಂದ ಹೆಚ್ಚು ಕಡಿಮೆ ಅದರ ಅರ್ಧಕ್ಕಿಳಿಯಿತು. ಎಂಪೆಗ್-2 ಮುಂತಾದ ನಷ್ಟವುಳ್ಳ ವಿಧಾನಗಳನ್ನು ಈ ಹಂತದಲ್ಲಿ ಬಳಸಬಾರದು. ವೇಗದ ಚಲನೆ, ಹಾರುವ ಚೂರುಗಳು ಹಾಗೂ ಟೇಪಿನ ಗದ್ದಲ ಮೂರೂ ಒಟ್ಟಿಗೆ ಇರುವ ಇಂತಹ ಚಿತ್ರದಲ್ಲಿ ಅವು ಮೊದಲು ಬಲಿಕೊಡುವುದು ಚಲಿಸುತ್ತಿರುವ ಕೈಕಾಲುಗಳನ್ನೇ.

ಸುಕ್ಕಿನ ಭಾಗವನ್ನು ಮಾತ್ರ ಟ್ರ್ಯಾಕಿಂಗ್ (ಓರೆ ಗೆರೆಗಳಿಗೆ ಹೆಡ್ಡನ್ನು ಹೊಂದಿಸುವ ಸೌಲಭ್ಯ) ಸ್ವಲ್ಪ ಸ್ವಲ್ಪ ಬದಲಿಸುತ್ತ ಹಲವು ಬಾರಿ ಇಳಿಸಿದೆ. ಒಂದು ಸಲ ಹಾಳಾಗಿ ಬಂದ ಗೆರೆ ಇನ್ನೊಂದು ಸಲ ಚೆನ್ನಾಗಿ ಬರುತ್ತದೆ. ಈ ದಾಖಲೆಗಳನ್ನು ಫ್ರೇಮಿಗೆ ಫ್ರೇಮ್ ಹೊಂದಿಸಿ, ಪ್ರತಿಯೊಂದು ಬಿಂದುವಿನಲ್ಲೂ ಎಲ್ಲ ದಾಖಲೆಗಳ ನಡುಮೌಲ್ಯವನ್ನು (ಕ್ರಮವಾಗಿ ಜೋಡಿಸಿದಾಗ ನಟ್ಟನಡುವೆ ಬರುವುದನ್ನು) ಆರಿಸುವಂತೆ ಅವಿಸಿಂಥ್ ಎಂಬ ವಿಡಿಯೋ ತಂತ್ರಾಂಶಕ್ಕೆ ಸ್ಕ್ರಿಪ್ಟ್ ಬರೆದೆ. ನಡುಮೌಲ್ಯ ಎಂಬುದು ಇಲ್ಲಿ ಮುಖ್ಯ. ಸರಾಸರಿ ತೆಗೆದರೆ ಒಂದು ದಾಖಲೆಯ ಬಿಳಿ ಗೀರು ಎಲ್ಲದರಲ್ಲೂ ತೆಳುವಾಗಿ ಉಳಿಯುತ್ತದೆ, ನಡುಮೌಲ್ಯದಲ್ಲಿ ಅದು ಪೂರ್ತಿ ಹೊರಗೆ ಬೀಳುತ್ತದೆ. ರೆಫ್ರಿಜರೇಟರಿನ ಬಾಗಿಲು ಎದುರಾಳಿಗೆ ಬಡಿಯುವಲ್ಲಿದ್ದ ಹರಿದ ಗೆರೆಗಳಲ್ಲಿ ಬಹುಪಾಲು ಹೀಗೆ ಹೋದವು. ಈ ವಿಧಾನದಲ್ಲಿ ಹೊರಗಿನಿಂದ ಏನನ್ನೂ ತಂದು ಸೇರಿಸಿದಂತಾಗುವುದಿಲ್ಲ. ಕಾಣುವ ಪ್ರತಿ ಬಿಂದುವೂ ಇದೇ ಟೇಪಿನದು.

ಚಿತ್ರವನ್ನು ಸೆಕೆಂಡಿಗೆ 24 ಫ್ರೇಮಿನಂತೆ ತೆಗೆದಿದ್ದು, ಪಾಲ್ ಟೇಪಿಗಾಗಿ 25ರ ವೇಗದಲ್ಲಿ ಓಡಿಸಲಾಗಿದೆ. ಹಾಗಾಗಿ ಒಂದು ಫ್ರೇಮಿನ ಎರಡೂ ಫೀಲ್ಡುಗಳು ಒಂದೇ ಕ್ಷಣಕ್ಕೆ ಸೇರಿದವು. ಇಳಿಸಿದ ದಾಖಲೆಯಲ್ಲಿ ಮಾತ್ರ ಚಲಿಸುವ ಎಲ್ಲದರ ಅಂಚಿನಲ್ಲೂ ಬಾಚಣಿಗೆಯ ಹಲ್ಲುಗಳು ಕಂಡವು. ಇದಕ್ಕೆ ಕಾರಣ ಫೀಲ್ಡುಗಳು ಒಂದು ಸ್ಥಾನ ಸರಿದು ಜೋಡಿಯಾಗಿರುವುದು: ಒಂದು ಫ್ರೇಮಿನ ಎರಡನೆಯ ಅರ್ಧ ಮುಂದಿನ ಫ್ರೇಮಿನ ಮೊದಲ ಅರ್ಧದೊಂದಿಗೆ ಕೂತಿತ್ತು. ಬಾಚಣಿಗೆ ಹಲ್ಲು ಕಂಡ ಕೂಡಲೇ ಡಿಇಂಟರ್ಲೇಸ್ ಮಾಡುವುದು, ಅಂದರೆ ಒಂದೊಂದು ಫೀಲ್ಡಿನಿಂದಲೇ ಇಡೀ ಫ್ರೇಮ್ ಕಟ್ಟುವುದು, ಸಾಮಾನ್ಯವಾಗಿ ಕಾಣುವ ಅಭ್ಯಾಸ. ಅದರಿಂದ ಲಂಬದ ವಿವರದಲ್ಲಿ ಅರ್ಧ ಹೋಗುತ್ತದೆ, ಇಲ್ಲವೇ ಎಂದೂ ಇರದಿದ್ದ ಚಲನೆಯನ್ನು ತಂತ್ರಾಂಶ ಊಹಿಸಿ ತುಂಬುತ್ತದೆ. ಇಲ್ಲಿ ಬೇಕಾಗಿದ್ದುದು ಫೀಲ್ಡುಗಳನ್ನು ಸರಿಯಾದ ಜೋಡಿಗೆ ಮರಳಿ ಕೂರಿಸುವುದು ಅಷ್ಟೇ. ಕೂರಿಸಿದ ಮೇಲೆ ಪ್ರತಿ ಫ್ರೇಮೂ ಮೂಲದ ಸಿನಿಮಾ ಫ್ರೇಮಿನಂತೆ ಇಡಿಯಾಗಿ ನಿಂತಿತು.

ಹಾನಿ ಯಾವುದು, ಕಸುಬು ಯಾವುದು

ಹಳೆಯ ಟೇಪುಗಳನ್ನು ಸ್ವಚ್ಛಗೊಳಿಸುವ ತಂತ್ರಾಂಶಗಳ ಮೊದಲ ಗುರಿ ಬಿಳಿಯ ಚುಕ್ಕೆ, ಗೀರುಗಳು. ಟೇಪಿನ ಲೇಪ ಉದುರಿದ ಕಡೆ ಯಂತ್ರಕ್ಕೆ ಓದಲು ಏನೂ ಸಿಗದೆ ಇವು ಮೂಡುತ್ತವೆ. ಒಂದೇ ಒಂದು ಫ್ರೇಮಿನಲ್ಲಿದ್ದು ಹಿಂದಿನ ಮುಂದಿನ ಫ್ರೇಮುಗಳಲ್ಲಿಲ್ಲದ ಬಿಳಿಯ ಚುಕ್ಕೆ ಕಂಡರೆ ತಂತ್ರಾಂಶ ಅದನ್ನು ಅಳಿಸುತ್ತದೆ. ಮಾತುಕತೆಯ ದೃಶ್ಯಗಳಲ್ಲಿ ಈ ನಿಯಮ ಚೆನ್ನಾಗಿ ನಡೆಯಿತು. ಈ ಚಿತ್ರದಲ್ಲಿ ಪುಂಡರು ಕ್ಯೂಂಗ್‌ನನ್ನು ಓಣಿಯೊಂದರ ಕೊನೆಗೆ ಸಿಕ್ಕಿಹಾಕಿಸಿ ಬಾಟಲಿಗಳ ಮಳೆ ಸುರಿಸುವ ದೃಶ್ಯವಿದೆ. ಗೋಡೆಗೆ ಒತ್ತಿಕೊಂಡ ಅವನ ಸುತ್ತ ಗಾಜು ಸಿಡಿಯುತ್ತಲೇ ಇರುತ್ತದೆ. ಹಾರುವ ಗಾಜಿನ ಚೂರು ಒಂದು ಫ್ರೇಮಿನಲ್ಲಿ ಬೆಳಕು ಹಿಡಿದು ಹೊಳೆದು ಮುಂದಿನದರಲ್ಲಿ ಇಲ್ಲವಾಗುತ್ತದೆ, ಅಂದರೆ ತಂತ್ರಾಂಶದ ಕಣ್ಣಿಗೆ ಅದು ಟೇಪಿನ ಹಾನಿಯೇ. ಪ್ರಯೋಗಕ್ಕೆಂದು ಓಡಿಸಿ ನೋಡಿದಾಗ ಬಾಟಲಿಗಳು ಗೋಡೆಗೆ ತಾಗಿದ ಕೂಡಲೇ ಮಾಯವಾಗಿ, ಕಾರಣವೇ ಇಲ್ಲದೆ ಮನುಷ್ಯನೊಬ್ಬ ಮೈ ಕುಗ್ಗಿಸಿಕೊಳ್ಳುತ್ತಿರುವಂತೆ ಕಂಡಿತು.

ಆ ದೃಶ್ಯಕ್ಕೆ ಚುಕ್ಕೆ ಅಳಿಸುವುದನ್ನು ಪೂರ್ತಿ ನಿಲ್ಲಿಸಿ, ಒಂದೊಂದೇ ಫ್ರೇಮನ್ನು ಕೈಯಿಂದ ನೋಡಿದೆ. ಬೇರ್ಪಡಿಸಲು ಒಂದು ಗುಟ್ಟು ಸಿಕ್ಕಿತು. ಟೇಪಿನ ಹಾನಿ ಯಾವಾಗಲೂ ಅಡ್ಡ ಗೆರೆಯ ಉದ್ದಕ್ಕೆ ಎಳೆದಂತೆ ಇರುತ್ತದೆ, ಒಂದು ಗೆರೆಯ ದಪ್ಪಕ್ಕಿಂತ ಹೆಚ್ಚು ಸಾಮಾನ್ಯವಾಗಿ ಇರುವುದಿಲ್ಲ, ಮತ್ತು ಒಂದೇ ಫೀಲ್ಡಿನಲ್ಲಿರುತ್ತದೆ. ಗಾಜಿನ ಚೂರು ಎರಡೂ ಫೀಲ್ಡುಗಳಲ್ಲಿದ್ದು ಯಾವ ದಿಕ್ಕಿನಲ್ಲಾದರೂ ಚಾಚಿಕೊಂಡಿರುತ್ತದೆ. ಅನುಮಾನ ಉಳಿದ ಕಡೆ ಡಿಸ್ಕನ್ನು ತೆರೆದು ನೋಡಿದೆ. ಅದರಲ್ಲಿಯೂ ಒಂದು ತೊಡಕಿತ್ತು: ಚಿತ್ರ ಅಗಲ ಪರದೆಯದು, ಟೇಪು ಅದರ ಎರಡು ಪಕ್ಕಗಳನ್ನು ಕತ್ತರಿಸಿ ಹಳೆಯ ಟೀವಿಯ 4:3 ಆಕಾರಕ್ಕೆ ತಂದದ್ದು. ಬಾಟಲಿ ಎಸೆಯುವವನೂ ಏಟು ತಿನ್ನುವವನೂ ಒಂದೇ ಶಾಟಿನಲ್ಲಿರಬೇಕೆಂದು ಜೋಡಿಸಿದ ಚೌಕಟ್ಟಿನಲ್ಲಿ ಟೇಪು ಒಬ್ಬನನ್ನು ಮಾತ್ರ ತೋರಿಸುತ್ತದೆ. ಇದು ನಷ್ಟವೇ, ಆದರೆ ಬಾಡಿಗೆಗೆ ಬಂದ ದಿನವೇ ಇದ್ದ ನಷ್ಟ. ಅದನ್ನು ತುಂಬುವುದು ನನ್ನ ಕೆಲಸವಾಗಿರಲಿಲ್ಲ.

ಎರಡನೆಯ ಪ್ರಶ್ನೆ ಎದುರಾದದ್ದು ಕಟ್‌ಗಳಲ್ಲಿ, ಅಂದರೆ ಒಂದು ಶಾಟ್ ಮುಗಿದು ಇನ್ನೊಂದು ಶುರುವಾಗುವ ಕಡೆ. ಹಾಂಗ್ ಕಾಂಗ್‌ನ ಹೊಡೆದಾಟದ ಸಂಕಲನದಲ್ಲಿ ಒಂದು ರೂಢಿ ಇದೆ: ಏಟು ತಾಗುವ ಕ್ಷಣದಲ್ಲಿ ಶಾಟ್ ಬದಲಾದರೆ, ಹೊಸ ಶಾಟ್ ಕೆಲವೇ ಫ್ರೇಮುಗಳಷ್ಟು ಹಿಂದಿನಿಂದ ಶುರುವಾಗಿ ಏಟಿನ ಕೊನೆಯನ್ನು ಮತ್ತೊಮ್ಮೆ ತೋರಿಸುತ್ತದೆ. ಕಟ್‌ನ ಹೊಡೆತಕ್ಕೆ ಕಣ್ಣು ಒಂದು ಕ್ಷಣ ತಡವರಿಸುವುದರಿಂದ ಆ ಮರುಕಳಿಕೆ ಎರಡು ಏಟಿನಂತೆ ಕಾಣದೆ ಒಂದೇ ಭಾರವಾದ ಏಟಿನಂತೆ ಕಾಣುತ್ತದೆ. ಹಲವು ದಾಖಲೆಗಳನ್ನು ಹೊಂದಿಸುವಾಗ ಇದು ತಲೆನೋವಾಯಿತು. ಇಳಿಸುವಾಗ ಕಂಪ್ಯೂಟರ್ ಒಂದು ಫ್ರೇಮನ್ನು ಬಿಟ್ಟು ಅದರ ಬದಲು ಹಿಂದಿನದನ್ನೇ ಎರಡು ಸಲ ಬರೆಯುವುದುಂಟು. ಅಂತಹ ನಕಲುಗಳನ್ನು ಹುಡುಕಿ ತೆಗೆಯಬೇಕು. ಅವಕ್ಕೂ ಸಂಕಲನಕಾರರು ಇಟ್ಟ ಮರುಕಳಿಕೆಗೂ ವ್ಯತ್ಯಾಸ ಇಷ್ಟು: ಯಂತ್ರದ ನಕಲು ಬಿಂದು ಬಿಂದುವೂ ಒಂದೇ ಆಗಿರುತ್ತದೆ, ಸಂಕಲನಕಾರರ ಮರುಕಳಿಕೆ ಬೇರೆ ಕೋನದಿಂದ ತೆಗೆದ ಅದೇ ಚಲನೆ. ಬಿಂದುಶಃ ಒಂದೇ ಆಗಿದ್ದವನ್ನು ಮಾತ್ರ ತೆಗೆದೆ. ಚಲನೆಯನ್ನು ನುಣುಪಾಗಿಸುವ ಯಾವ ಸೌಲಭ್ಯವನ್ನೂ ಬಳಸಲಿಲ್ಲ. ಅವು ಎರಡು ಶಾಟುಗಳ ನಡುವೆ ಕಲಸಿಹೋದ ಮುಖವೊಂದನ್ನು ತಂದು ನಿಲ್ಲಿಸುತ್ತವೆ.

ವೇಗದ ವಿಷಯವೂ ಇದಕ್ಕೆ ಸೇರಿದ್ದು. 25ರಿಂದ 24ಕ್ಕೆ ಮರಳಿಸಿದರೆ ಒಂದೂವರೆ ಗಂಟೆಯ ಚಿತ್ರ ಕಳೆದುಕೊಂಡಿದ್ದ ಸುಮಾರು ಮೂರೂವರೆ ನಿಮಿಷ ಮರಳಿ ಬರುತ್ತದೆ. ಮರಳಿಸಿದ ಮೇಲೂ ಹೊಡೆದಾಟಗಳು ಸಹಜಕ್ಕಿಂತ ಚುರುಕಾಗಿ ಕಂಡರೆ ಅಚ್ಚರಿಪಡಬೇಕಿಲ್ಲ. ಸೆಕೆಂಡಿಗೆ 24ಕ್ಕಿಂತ ಕಡಿಮೆ ಫ್ರೇಮಿನಂತೆ ತೆಗೆದು 24ರ ವೇಗದಲ್ಲಿ ತೋರಿಸುವುದು ಈ ಬಗೆಯ ಚಿತ್ರಗಳಲ್ಲಿ ಹಳೆಯ ವಾಡಿಕೆ. ಹೀಗಾಗಿ ವೇಗ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಒದೆತಗಳನ್ನು ಬಿಟ್ಟು ಸೂಪರ್‌ಮಾರ್ಕೆಟ್ಟಿನಲ್ಲಿ ಸುಮ್ಮನೆ ನಡೆದಾಡುವ ಗಿರಾಕಿಗಳನ್ನು ನೋಡಿದೆ, ಡಿಸ್ಕಿನ ಅದೇ ದೃಶ್ಯದ ಅವಧಿಯೊಂದಿಗೆ ಹೋಲಿಸಿದೆ.

ಬಣ್ಣದಲ್ಲಿ ಹೆಚ್ಚು ಕೈಯಾಡಿಸಲಿಲ್ಲ. ವಿಎಚ್‌ಎಸ್‌ನಲ್ಲಿ ಬಣ್ಣದ ವಿವರ ಬೆಳಕಿನ ವಿವರಕ್ಕಿಂತ ಎಷ್ಟೋ ಪಟ್ಟು ಕಡಿಮೆ. ಪುಂಡರ ಕೆಂಪು ಬಟ್ಟೆ ತನ್ನ ಅಂಚನ್ನು ಮೀರಿ ಪಕ್ಕಕ್ಕೆ ಸೋರುವುದು ಆ ಪದ್ಧತಿಯ ಸ್ವಭಾವ. ಕೆಲವು ಹೊರಾಂಗಣ ಶಾಟುಗಳಲ್ಲಿ ಕಟ್ಟಡಗಳ ಹಿಂದೆ ನೀಲಿ ಛಾಯೆಯ ಪಟ್ಟಿಯೊಂದು ಕಂಡು ಅದೂ ಬಣ್ಣದ ಸೋರಿಕೆಯೇ ಎಂದು ತಿದ್ದಲು ಹೊರಡುವವರಿಗೆ ಒಂದು ಸೂಚನೆ: ಅದು ವ್ಯಾಂಕೂವರಿನ ಬೆಟ್ಟಸಾಲು. ಬ್ರಾಂಕ್ಸ್‌ನಲ್ಲಿ ಅಂತಹ ಬೆಟ್ಟಗಳಿಲ್ಲವೆಂದು ನೋಡುಗರು ನಗಾಡಿದ್ದಾರೆ, ಚಿತ್ರ ಅದನ್ನು ಅಡಗಿಸುವ ಗೋಜಿಗೆ ಹೆಚ್ಚು ಹೋಗಿಲ್ಲ, ನಾನೂ ಹೋಗಲಿಲ್ಲ.

ತುಟಿಯನ್ನು ನಂಬದೆ ಧ್ವನಿ ಹೊಂದಿಸಿದ್ದು

ಟೇಪಿನಲ್ಲಿ ಧ್ವನಿ ಎರಡು ಕಡೆ ಇದೆ. ಅಂಚಿನ ಪಟ್ಟಿಯಲ್ಲಿರುವುದು ಮಂದವಾದದ್ದು, ಬೂಷ್ಟು ತಿಂದಲ್ಲೆಲ್ಲ ಅಡಗುವಂಥದ್ದು. ಡ್ರಮ್ಮಿನ ಮೇಲಿನ ಬೇರೆ ಹೆಡ್ಡುಗಳು ಚಿತ್ರದ ಗೆರೆಗಳ ಅಡಿಯಲ್ಲೇ ಬರೆದ ಹೈಫೈ ಧ್ವನಿ ಬಹಳ ಸ್ವಚ್ಛ, ಆದರೆ ಸುಕ್ಕು ಬಂದಲ್ಲಿ ಚಟಪಟ ಸದ್ದು ಮಾಡುತ್ತದೆ. ಎರಡನ್ನೂ ಬೇರೆ ಬೇರೆ ಇಳಿಸಿ, ಹೈಫೈಯನ್ನು ಮುಖ್ಯವಾಗಿಟ್ಟುಕೊಂಡು, ಅದು ಹರಿದ ಕಡೆಗೆ ಮಾತ್ರ ಅಂಚಿನ ಪಟ್ಟಿಯಿಂದ ಸಣ್ಣ ತೇಪೆ ಹಾಕಿದೆ. ತೇಪೆಯ ಜಾಗದಲ್ಲಿ ಸಂಗೀತದ ಮೇಲಿನ ಸ್ವರಗಳು ಒಂದು ಕ್ಷಣ ಮಬ್ಬಾಗುವುದು ಕಿವಿಗೆ ತಿಳಿಯುತ್ತದೆ. ಹಾಂಗ್ ಕಾಂಗ್ ಆವೃತ್ತಿಯ ಧ್ವನಿಯಿಂದ ತೇಪೆ ಹಾಕುವ ಯೋಚನೆ ಬರಬಹುದು; ಹಿನ್ನೆಲೆ ಸಂಗೀತವೇ ಬೇರೆಯಾದ್ದರಿಂದ ಅದು ಕೂಡಿಬರುವುದಿಲ್ಲ.

ವೇಗವನ್ನು 24ಕ್ಕೆ ಇಳಿಸಿದಾಗ ಧ್ವನಿಯನ್ನೂ ಅದೇ ಪ್ರಮಾಣದಲ್ಲಿ ಹಿಗ್ಗಿಸಬೇಕು. ಆಗ ಶ್ರುತಿ ಅರ್ಧಸ್ವರದ ಸುಮಾರು ಮುಕ್ಕಾಲು ಪಾಲಿನಷ್ಟು ಇಳಿಯುತ್ತದೆ. ಈ ಟೇಪಿನಲ್ಲಿ ಶ್ರುತಿಯನ್ನು ಮೊದಲೇ ತಿದ್ದಿರಲಿಲ್ಲ ಎಂಬುದು ಡಿಸ್ಕಿನ ಸಂಗೀತದೊಂದಿಗೆ ಹೋಲಿಸಿದಾಗ ಖಚಿತವಾಯಿತು, ಆದ್ದರಿಂದ ಹಿಗ್ಗಿಸುವಿಕೆಯೊಂದೇ ಸಾಕಾಯಿತು.

ಚಿತ್ರಕ್ಕೂ ಧ್ವನಿಗೂ ತಾಳ ಕೂಡಿಸುವುದು ಕೊನೆಯ ಕೆಲಸ. ಸಾಧಾರಣವಾಗಿ ನಟರ ತುಟಿಗಳನ್ನು ನೋಡಿ ಹೊಂದಿಸುತ್ತಾರೆ. ಇಲ್ಲಿ ಅದು ನಡೆಯುವುದಿಲ್ಲ. ಮೂಲದಲ್ಲಿ ಕ್ಯೂಂಗ್ ಮತ್ತು ಅವನ ಚಿಕ್ಕಪ್ಪನ ಮಾತುಗಳು ಕ್ಯಾಂಟನೀಸ್‌ನಲ್ಲಿದ್ದು, ಅಮೆರಿಕದ ಆವೃತ್ತಿಯಲ್ಲಿ ಅವುಗಳ ಮೇಲೆ ಇಂಗ್ಲಿಷ್ ಹೊದಿಸಿದ್ದಾರೆ. ಎಷ್ಟು ಸರಿಯಾಗಿ ಹೊಂದಿಸಿದರೂ ತುಟಿ ಒಂದು ಹೇಳಿದರೆ ಕಿವಿಗೆ ಇನ್ನೊಂದು ಕೇಳುತ್ತದೆ. ಈ ಹೊಂದದಿರುವಿಕೆಯನ್ನು ಟೇಪಿನ ದೋಷವೆಂದು ತಿಳಿದು ಧ್ವನಿಯನ್ನು ಸರಿಸುತ್ತ ಹೋದರೆ ಏಟುಗಳೆಲ್ಲ ತಪ್ಪುತ್ತವೆ. ನಾನು ಹಿಡಿದದ್ದು ಏಟುಗಳನ್ನೇ. ಹೊಡೆದಾಟದ ಸದ್ದುಗಳೂ ಆಮೇಲೆ ಸೇರಿಸಿದವೇ ಆದರೂ, ಅವನ್ನು ಸೇರಿಸುವವರು ಮುಷ್ಟಿ ತಾಗುವ ಫ್ರೇಮನ್ನು ನೋಡಿಯೇ ಕೂರಿಸಿರುತ್ತಾರೆ. ಪಿನ್‌ಬಾಲ್ ಯಂತ್ರದ ಗಾಜು ಒಡೆಯುವ ಫ್ರೇಮ್, ರೆಫ್ರಿಜರೇಟರಿನ ಬಾಗಿಲು ಮುಚ್ಚುವ ಫ್ರೇಮ್, ತಳ್ಳುಗಾಡಿ ನೆಲಕ್ಕೆ ಬೀಳುವ ಫ್ರೇಮ್ ಇವನ್ನು ಗುರುತು ಹಾಕಿಕೊಂಡು, ಚಿತ್ರದ ಆರಂಭ, ನಡು, ಕೊನೆ ಮೂರು ಕಡೆಯೂ ಹೊಂದಿಸಿ ನೋಡಿದೆ. ಮೂರೂ ಕಡೆ ಒಂದೇ ಅಂತರ ಬಂದದ್ದರಿಂದ ನಡುವೆ ಎಲ್ಲೂ ಫ್ರೇಮು ಕಳೆದುಹೋಗಿಲ್ಲವೆಂದು ತಿಳಿಯಿತು.

ಕೊನೆಯ ನಿಮಿಷಗಳು

ಲೈಬ್ರರಿಯಿಂದ ಕೊನೆಯ ಸಲ ಒಯ್ದವರು ಟೇಪನ್ನು ಹಿಂದಕ್ಕೆ ಸುತ್ತದೆಯೇ ಮರಳಿಸಿದ್ದರಿಂದ ಚಿತ್ರದ ಕೊನೆಯ ಭಾಗ ರೀಲಿನ ಹೊರಸುತ್ತಿನಲ್ಲಿ ಉಳಿದು, ಬೂಷ್ಟಿಗೆ ಮೊದಲು ಸಿಕ್ಕಿತ್ತು. ಅಲ್ಲಿರುವುದು ಹೆಸರುಗಳ ಜೊತೆಗೆ ತೋರಿಸುವ ಚಿತ್ರೀಕರಣದ ಅವಘಡಗಳು. ಹೋವರ್‌ಕ್ರಾಫ್ಟಿನ ಮೇಲೆ ಹಾರುವಾಗ ಜಾಕಿ ಚಾನ್ ಅವರ ಬಲಗಾಲಿನ ಕೀಲು ಮುರಿದದ್ದೂ, ಉಳಿದ ಚಿತ್ರೀಕರಣಕ್ಕೆ ಪ್ಲಾಸ್ಟರಿನ ಮೇಲೆ ಬೂಟಿನಂತೆ ಬಣ್ಣ ಬಳಿದ ಕಾಲುಚೀಲ ತೊಡಿಸಿದ್ದೂ ಆ ತುಣುಕುಗಳಲ್ಲಿದೆ. ಇಲ್ಲಿ ಕೆಲವು ಸೆಕೆಂಡುಗಳ ಕಾಲ ಕಂಟ್ರೋಲ್ ಪಟ್ಟಿಯೇ ಹೋಗಿದ್ದು, ಎಷ್ಟು ಬಾರಿ ಇಳಿಸಿದರೂ ಚಿತ್ರ ನಿಲ್ಲಲಿಲ್ಲ. ಡಿಸ್ಕಿನಿಂದ ಆ ತುಣುಕನ್ನು ತಂದು ಕೂರಿಸುವುದು ಸುಲಭವಿತ್ತು. ಹಾಗೆ ಮಾಡಿದರೆ ಅದು ಈ ಟೇಪಿನ ಪ್ರತಿಯಾಗಿ ಉಳಿಯುವುದಿಲ್ಲವಾದ್ದರಿಂದ ಗದ್ದಲವನ್ನು ಗದ್ದಲವಾಗಿಯೇ ಬಿಟ್ಟೆ.

ತಿದ್ದದ ಮೂಲ ದಾಖಲೆಯನ್ನೂ ತಿದ್ದಿದ ಪ್ರತಿಯನ್ನೂ ಎರಡು ಬೇರೆ ಡಿಸ್ಕುಗಳಲ್ಲಿ, ಯಾವ ದೃಶ್ಯಕ್ಕೆ ಏನು ಮಾಡಿದೆ ಎಂಬ ಟಿಪ್ಪಣಿಯೊಂದಿಗೆ ಇಟ್ಟಿದ್ದೇನೆ. ಟೇಪನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಓಟದಲ್ಲಿ ಸಮವಾಗಿ ಸುತ್ತಿ, ಹಳೆಯ ಲೇಬಲ್ಲನ್ನು ಹೊಸ ಕವಚಕ್ಕೆ ಅಂಟಿಸಿ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಲಾಗಿದೆ. ಒರೆಸುವ ಹಲಗೆಯನ್ನು ಬಿಚ್ಚಿಲ್ಲ. ಅದೇ ದಾಸ್ತಾನಿನ ಉಳಿದ ಕ್ಯಾಸೆಟ್ಟುಗಳು ಇನ್ನೂ ಒಣಗುತ್ತಿವೆ.